ತೆಂಗಿನ ಬಿಳಿನೊಣಕ್ಕೆ ಅಂಗಡಿಯಲ್ಲಿ ಸಿಗುವ ಮದ್ದುಗಳು: ಕರಾವಳಿಗೆ ಯಾವುದು ಒಗ್ಗುತ್ತದೆ?

ಮಳೆ ಬಿಟ್ಟು ಬಿಸಿಲು ಬಲಿಯುತ್ತಿದ್ದಂತೆ ಮಂಗಳೂರು, ಬ್ರಹ್ಮಾವರ, ಕುಂದಾಪುರದ ಕೃಷಿ ಸಾಮಗ್ರಿ ಅಂಗಡಿಗಳಲ್ಲೂ ಊರ ಸೊಸೈಟಿಗಳಲ್ಲೂ ಒಂದೇ ವಿಚಾರಣೆ: ತೆಂಗಿನ ಬಿಳಿನೊಣಕ್ಕೆ ಏನುಂಟು? ಕೌಂಟರಿನ ಮೇಲೆ ಬರುವುದು ಹೆಚ್ಚುಕಡಿಮೆ ನಾಲ್ಕು ಸಾಮಾನು. ಹಳದಿ ಅಂಟು ಹಾಳೆ, ಬೇವಿನ ಎಣ್ಣೆ ಅಥವಾ ಬೇವಿನ ಸತ್ವವಾದ ಅಜಾಡಿರಾಕ್ಟಿನ್ ಬಾಟಲಿ, ಇಸಾರಿಯ ಎಂಬ ಶಿಲೀಂಧ್ರದ ಪುಡಿ, ಕೊನೆಗೆ ಒಂದು ರಾಸಾಯನಿಕ ಕೀಟನಾಶಕ. ಒಂದೊಂದು ಕಂಪೆನಿಯ ಹೆಸರು ಹಿಡಿದು ಹೋಲಿಸುವುದಕ್ಕಿಂತ ಈ ನಾಲ್ಕು ಬಗೆಯ ಸಾಮಾನು ನಮ್ಮ ಹವೆಯಲ್ಲಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡುವುದು ಹೆಚ್ಚು ಉಪಯೋಗ. ಏಕೆಂದರೆ ಇವುಗಳಲ್ಲಿ ಮೂರರ ಫಲಿತಾಂಶ ನಿಂತಿರುವುದು ಬ್ರಾಂಡಿನ ಮೇಲಲ್ಲ, ಮದ್ದು ಬಿಡುವ (ಸಿಂಪಡಿಸುವ) ದಿನದ ಹವೆಯ ಮೇಲೆ. ಆ ಹವೆಯೇ ಈಗ ಮೊದಲಿನ ಹಾಗಿಲ್ಲ.

ಮೊದಲು ಕೀಟದ ವಿಷಯ. ರುಗೋಸ್ ಸುರುಳಿ ಬಿಳಿನೊಣ ಮಧ್ಯ ಅಮೆರಿಕದ್ದು. 2004ರಲ್ಲಿ ಬೆಲೀಜ್ ದೇಶದ ಮಾದರಿಗಳನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು. 2009ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿತು, 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡಿನ ತೆಂಗಿನ ತೋಟಗಳಿಗೆ ಬಂತು. ಅಲ್ಲಿಂದ ಕರಾವಳಿಗೆ ಹಬ್ಬಲು ಹೆಚ್ಚು ಸಮಯ ಬೇಕಾಗಲಿಲ್ಲ. 2016ರಲ್ಲಿ ಕೇರಳದ ಮುಂಗಾರು ಸುಮಾರು ಮೂರನೇ ಒಂದು ಭಾಗ ಕೊರತೆಯಾಗಿತ್ತು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಬಿಸಿ ಹೆಚ್ಚಿದರೆ ಕೀಟದ ಪೀಳಿಗೆ ಬೇಗ ಬೇಗ ಉರುಳುತ್ತದೆ ಎಂಬ ಮಾತು ಸಾಮಾನ್ಯವಾಗಿ ನಿಜ. ಜಗತ್ತಿನ ತಾಪಮಾನ ಒಂದು ಡಿಗ್ರಿ ಏರಿದರೆ ಭತ್ತ, ಮೆಕ್ಕೆಜೋಳ, ಗೋಧಿಗೆ ಕೀಟಗಳಿಂದಾಗುವ ನಷ್ಟ ನೂರಕ್ಕೆ 10ರಿಂದ 25ರಷ್ಟು ಹೆಚ್ಚಬಹುದು ಎಂದು 2018ರಲ್ಲಿ ಪ್ರಕಟವಾದ ಲೆಕ್ಕವೊಂದು ಹೇಳುತ್ತದೆ. ಆದರೆ ಅದರಲ್ಲಿ ದೊಡ್ಡ ಪೆಟ್ಟು ಬೀಳುವುದು ಚಳಿ ಕಡಿಮೆಯಾಗಿ ಕೀಟಕ್ಕೆ ಹೊಸದಾಗಿ ದಾರಿ ತೆರೆಯುವ ಸಮಶೀತೋಷ್ಣ ನಾಡುಗಳಿಗೆ. ನಮ್ಮ ಕರಾವಳಿಯಲ್ಲಿ ಚಳಿ ಯಾವತ್ತೂ ಬಿಳಿನೊಣಕ್ಕೆ ಅಡ್ಡಿಯಾಗಿರಲಿಲ್ಲ. ಅಡ್ಡಿ ಮಳೆಯದ್ದು. ಮಡಲಿನ ಅಡಿ ಕೂತ ಮರಿಗಳನ್ನೂ ಹಾರುವ ನೊಣಗಳನ್ನೂ ಎಡೆಬಿಡದೆ ಹೊಡೆದು ಇಳಿಸುವುದು ಜೂನ್, ಜುಲೈ, ಆಟಿಯ ಮಳೆ. ಆ ಮಳೆಯ ನಡುವೆ ಹತ್ತು ಹದಿನೈದು ದಿನ ಬಿಸಿಲು ಬಂದರೆ ಕೀಟ ಚೇತರಿಸಿಕೊಳ್ಳುತ್ತದೆ. ಮೊಟ್ಟೆಯಿಂದ ನೊಣವಾಗಲು ಅದಕ್ಕೆ ಬೇಕಾದದ್ದು ಸುಮಾರು ಒಂದು ತಿಂಗಳು ಮಾತ್ರ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಗಿತ್ತು. 2025ರಲ್ಲಿ ಮುಂಗಾರು ಜೂನ್ 1ರ ವಾಡಿಕೆ ಬಿಟ್ಟು ಮೇ 24ಕ್ಕೇ, ಪತ್ತನಾಜೆಯ ಹೊತ್ತಿಗೇ, ಕೇರಳ ಮುಟ್ಟಿತು. ಒಂದು ವರ್ಷ ಮಳೆಯೇ ಕೈಕೊಡುತ್ತದೆ, ಇನ್ನೊಂದು ವರ್ಷ ಮೇ ಕೊನೆಯ ವಾರಕ್ಕೆಂದು ತಂದಿಟ್ಟ ಮದ್ದು ಬಿಡಲು ಬಿಡುವೇ ಸಿಗುವುದಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ತಿಂಗಳುಗಳನ್ನು ನಂಬಿ ಬಿಟ್ಟರೆ ದುಡ್ಡು ನೀರಿಗೆ.

ಈಗ ಹಳದಿ ಅಂಟು ಹಾಳೆ. ಇದು ಎಲ್ಲಕ್ಕಿಂತ ಸುಲಭವಾಗಿ ಮಾರಾಟವಾಗುವ ಸಾಮಾನು, ಎಲ್ಲಕ್ಕಿಂತ ತಪ್ಪಾಗಿ ಬಳಕೆಯಾಗುವುದೂ ಇದೇ. ಹಳದಿ ಬಣ್ಣಕ್ಕೆ ಬಂದು ಅಂಟುವುದು ರೆಕ್ಕೆ ಬಂದ ನೊಣ ಮಾತ್ರ. ರಸ ಹೀರುವ ಮರಿಗಳು ಗರಿಯ ಅಡಿಗೆ ಕಚ್ಚಿ ಕೂತಲ್ಲೇ ಇರುತ್ತವೆ. ಆದ್ದರಿಂದ ಹಾಳೆ ತೂಗಿಸಿ ರೋಗ ಗುಣವಾಯಿತು ಎಂದುಕೊಳ್ಳಬಾರದು. ಕೀಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಳೆಯಲು ಇದು ಬಹಳ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ ಸಣ್ಣ ಹಾಳೆ 20 ಸೆಂಟಿಮೀಟರ್ ಉದ್ದ, 15 ಅಗಲ. ಅದು ಬದನೆ, ಬೆಂಡೆ, ಮೆಣಸಿನ ಸಾಲಿಗೆ ಮಾಡಿದ್ದು. ತೆಂಗಿಗೆ ಶಿಫಾರಸಾಗಿರುವುದು ಐದು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಟ್ಟಿ, ಎಕರೆಗೆ ಎಂಟರಂತೆ. ಅಂಥ ಒಂದು ಪಟ್ಟಿಯ ವಿಸ್ತಾರಕ್ಕೆ ಸಮ ಬರಲು ಸಣ್ಣ ಹಾಳೆ 23 ಬೇಕು. ಸಣ್ಣ ಹಾಳೆಯ ಕಟ್ಟು ಅಗ್ಗ ಎಂದು ಕಾಣುವುದು ಈ ಲೆಕ್ಕ ಹಾಕುವ ತನಕ ಮಾತ್ರ. ರೋಲಿನಲ್ಲಿ ಬರುವುದನ್ನು ಕೊಂಡು ಬೇಕಾದಷ್ಟು ಕತ್ತರಿಸುವುದು ಒಳ್ಳೆಯದು. ಇಲ್ಲದಿದ್ದರೆ ಹಳದಿ ಪ್ಲಾಸ್ಟಿಕ್ ಶೀಟಿಗೆ ಎರಡೂ ಬದಿ ಹರಳೆಣ್ಣೆ ಸವರಿದರೂ ಕೆಲಸ ನಡೆಯುತ್ತದೆ, ವಾರಕ್ಕೊಮ್ಮೆ ಒರೆಸಿ ಮತ್ತೆ ಸವರಬೇಕು ಅಷ್ಟೆ. ಎರಡು ಮರಗಳ ನಡುವೆ ಆರಡಿ ಎತ್ತರದಲ್ಲಿ ಕಟ್ಟಿ. ಕಡಲ ಗಾಳಿಗೆ ಹಾಳೆ ಮಡಚಿ ತನಗೆ ತಾನೇ ಅಂಟಿಕೊಳ್ಳುತ್ತದೆ. ಮೇಲೆ ಕೆಳಗೆ ಎರಡೂ ಕಡೆ ರೀಪಿನ ತುಂಡು ಹೊಡೆದರೆ ಬಿಗಿಯಾಗಿ ನಿಲ್ಲುತ್ತದೆ. ಮುರ ಮಣ್ಣಿನ ರಸ್ತೆಯ ಪಕ್ಕ ಕಟ್ಟಬೇಡಿ, ಕೆಂಪು ಧೂಳು ಕೂತು ಅಂಟು ಬೇಗ ಸತ್ತುಹೋಗುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಇದರಲ್ಲಿ ಗಮನಿಸಲೇಬೇಕಾದ ಕೊರತೆ ಒಂದುಂಟು. ಹಳದಿ ಬಣ್ಣಕ್ಕೆ ಬಿಳಿನೊಣದ ಶತ್ರುವಾದ ಸಣ್ಣ ಕಣಜಗಳೂ ಬಂದು ಅಂಟುತ್ತವೆ. ಮಡಲಿನ ಅಡಿ ಕಪ್ಪಾದ ಮರಿಗಳು ಹೇರಳವಾಗಿ ಕಾಣಲು ಶುರುವಾದರೆ ಹಾಳೆ ಬಿಚ್ಚಿಬಿಡುವುದೇ ಸರಿ.

ಆ ಕಪ್ಪು ಮರಿಗಳನ್ನು ಗುರುತಿಸಲು ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರವೊಂದು ಸಾಕು. ಈ ಇಡೀ ಪಟ್ಟಿಯಲ್ಲಿ ಮೊದಲು ಕೊಳ್ಳಬೇಕಾದ ಸಾಮಾನು ಅದೇ. ಕೆಳಗಿನ ಮಡಲಿನ ಒಂದು ಗರಿ ಕೊಯ್ದು ಅಡಿ ಮೇಲಾಗಿ ಬಿಸಿಲಿಗೆ ಹಿಡಿಯಿರಿ. ಬಿಳಿ ಮೇಣದ ಪುಡಿಯಲ್ಲಿ ಸುರುಳಿಯಾಗಿ ಇಟ್ಟ ಮೊಟ್ಟೆ ಕಾಣುತ್ತದೆ. ಅದರ ಪಕ್ಕ ಚಪ್ಪಟೆಯಾದ ಹಳದಿ ಬಿಳುಪಿನ ಮರಿಗಳು ಇರುತ್ತವೆ. ಅವುಗಳಲ್ಲಿ ಕೆಲವು ಕಪ್ಪಾಗಿದ್ದರೆ ಒಳಗೆ ಎನ್ಕಾರ್ಸಿಯ ಗ್ವಾಡೆಲೂಪೆ ಎಂಬ ಕಣಜದ ಮರಿ ಬೆಳೆಯುತ್ತಿದೆ ಎಂದರ್ಥ. ಖಾಲಿ ಚಿಪ್ಪಿನ ಬೆನ್ನಿನಲ್ಲಿ ಗುಂಡಗಿನ ತೂತು ಇದ್ದರೆ ಕಣಜ ಹೊರಬಂದದ್ದು, ಇಂಗ್ಲಿಷಿನ ಟಿ ಅಕ್ಷರದಂಥ ಸೀಳು ಇದ್ದರೆ ಬಿಳಿನೊಣ ಹೊರಬಂದದ್ದು. ನಾಲ್ಕೈದು ಮರದಿಂದ ಒಂದೊಂದು ಗರಿ ತೆಗೆದು ಎರಡನ್ನೂ ಎಣಿಸಿ. ಕಪ್ಪು ಮರಿ ಮತ್ತು ಗುಂಡು ತೂತು ಸೇರಿ ಅರ್ಧಕ್ಕಿಂತ ಹೆಚ್ಚಿದ್ದರೆ ಅಂಗಡಿಗೆ ಹೋಗಬೇಕಾಗಿಯೇ ಇಲ್ಲ, ಕಣಜ ತನ್ನ ಕೆಲಸ ಮಾಡುತ್ತಿದೆ. ಕಣಜವೇ ಇಲ್ಲದ ತೋಟಕ್ಕೆ ಇರುವ ತೋಟದಿಂದ ಕಪ್ಪು ಮರಿಗಳಿರುವ ಗರಿಯ ತುಂಡು ತಂದು ಎಕರೆಗೆ ಹತ್ತು ಕಡೆ ಕಟ್ಟಬಹುದು. ಇದಕ್ಕೆ ಖರ್ಚಿಲ್ಲ. ತೋಟದ ಅಂಚಿನಲ್ಲಿ ಬಾಳೆ, ಕಾಬಾಳೆ ಇದ್ದರೆ ಕಣಜ ಅಲ್ಲೇ ಉಳಿದು ಮುಂದಿನ ಹಂಗಾಮಿಗೂ ಸಿಗುತ್ತದೆ.

ಕಣಜ ಕಡಿಮೆ ಇದ್ದು, ಹಾಳೆಯ ಎಣಿಕೆ ಮೂರು ವಾರ ಬಿಡದೆ ಏರಿದರೆ ಆಗ ಇಸಾರಿಯ ಪುಡಿಯ ಸರದಿ. ನಾಲ್ಕರಲ್ಲಿ ಹೆಚ್ಚು ಮೆಚ್ಚಿಗೆಯಾಗುವ ಸಾಮಾನು ಇದು, ಸುಲಭವಾಗಿ ಹಾಳಾಗುವುದೂ ಇದೇ. ಪೂರ್ತಿ ಹೆಸರು ಇಸಾರಿಯ ಫ್ಯುಮೋಸೊರೋಸಿಯ. ಕೃಷಿ ಕೀಟಗಳ ಬಗ್ಗೆ ಸಂಶೋಧನೆ ಮಾಡುವ ಬೆಂಗಳೂರಿನ ಎನ್‌ಬಿಎಐಆರ್ ಸಂಸ್ಥೆ ಬಿಳಿನೊಣಕ್ಕೆಂದೇ ಆರಿಸಿದ ತಳಿ ಪಿಎಫ್‌ಯು-5. ಅಂಗಡಿಯಲ್ಲಿ ಇದನ್ನು ಕೇಳಿದರೆ ಬವೇರಿಯ ಅಥವಾ ಮೆಟರೈಜಿಯಂ ಎಂಬ ಬೇರೆ ಶಿಲೀಂಧ್ರದ ಪೊಟ್ಟಣ ಕೊಟ್ಟು ಎಲ್ಲ ಒಂದೇ ಎನ್ನುವುದುಂಟು. ಒಂದೇ ಅಲ್ಲ. ಮೆಟರೈಜಿಯಂ ಗೊಬ್ಬರದ ಗುಂಡಿಯಲ್ಲಿರುವ ಕುರುವಾಯಿ ಹುಳಕ್ಕೆ ಒಳ್ಳೆಯದು, ಬಿಳಿನೊಣಕ್ಕೆ ಕೊಳ್ಳಬೇಕಾದದ್ದು ಇಸಾರಿಯವೇ. ಹೆಸರು ಓದಿ ಕೊಳ್ಳಿ. ಗ್ರಾಮಿಗೆ ಬೀಜಕಣ ಎಷ್ಟು ಎಂದು ಬರೆದಿರಬೇಕು, ಕನಿಷ್ಠ 10 ಕೋಟಿ ಇರಲಿ. ತಯಾರಾದ ತಿಂಗಳು ನೋಡಿ. ಇದು ಜೀವಂತ ಸಾಮಾನು, ತಗಡಿನ ಮಾಡಿನ ಗೋದಾಮಿನಲ್ಲಿ ಒಂದು ಬೇಸಗೆ ಕಳೆದ ಪೊಟ್ಟಣದಲ್ಲಿ ಉಳಿಯುವುದು ಹೆಚ್ಚಾಗಿ ಪುಡಿ ಮಾತ್ರ. ಅಂಗಡಿಯವರು ಎಲ್ಲಿಟ್ಟಿದ್ದಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೊಂಡ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಊರೆಲ್ಲ ಸುತ್ತಬಾರದು.

ಅಳತೆ ಲೀಟರಿಗೆ 5 ಗ್ರಾಂ. ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟ ಎಕರೆಯಲ್ಲಿ ಸುಮಾರು 70 ಮರ. ಮರವೊಂದಕ್ಕೆ 5 ಲೀಟರಿನಂತೆ 350 ಲೀಟರ್ ನೀರು, 1 ಕಿಲೋ 750 ಗ್ರಾಂ ಪುಡಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಬಿಡಬೇಕಾದ್ದರಿಂದ ಎಕರೆಗೆ ಮೂರೂವರೆ ಕಿಲೋ ಬೇಕು. ಒಂದು ಕಿಲೋ ತಂದು ಇಡೀ ತೋಟಕ್ಕೆ ತೆಳ್ಳಗೆ ಬಿಡುವುದಕ್ಕಿಂತ ಹೆಚ್ಚು ಹತ್ತಿದ ಇಪ್ಪತ್ತು ಮರಕ್ಕೆ ಅಳತೆ ಪ್ರಕಾರ ಎರಡು ಸಲ ಬಿಡುವುದು ಮೇಲು. ಪುಡಿಯನ್ನು ಮೊದಲು ಬಕೆಟ್ ನೀರಲ್ಲಿ ಗಂಟಿಲ್ಲದಂತೆ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಹಾಕಬೇಕು. ಸೋಸದಿದ್ದರೆ ನಾಝಲ್ ಕಟ್ಟುತ್ತದೆ, ಮರದ ತುದಿಯಲ್ಲಿ ಅದನ್ನು ಬಿಡಿಸುವುದು ಯಾರಿಗೂ ಬೇಡದ ಕೆಲಸ. ಮರಿಯ ಮೈಮೇಲೆ ಮೇಣ ಇರುವುದರಿಂದ ಬರೀ ನೀರು ಜಾರಿಹೋಗುತ್ತದೆ. ಲೀಟರಿಗೆ ಅರ್ಧದಿಂದ ಒಂದು ಮಿಲಿ ಅಂಟು ದ್ರಾವಣ ಅಥವಾ ಮೃದುವಾದ ದ್ರವ ಸೋಪು ಸೇರಿಸಬೇಕು. ಬಾವಿ ನೀರು ಉತ್ತಮ. ನಗರದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ರಾತ್ರಿ ತೆರೆದಿಟ್ಟು ಬಳಸಿ.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಇಸಾರಿಯ ಸೋಲುವುದಕ್ಕೆ ಒಂದು ಕಾರಣ ಡ್ರಮ್ಮು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಬಿಟ್ಟ ಅದೇ ಡ್ರಮ್ಮು, ಅದೇ ಪಂಪು, ಅದೇ ಪೈಪು. ಮೈಲುತುತ್ತು ಶಿಲೀಂಧ್ರವನ್ನು ಕೊಲ್ಲಲೆಂದೇ ಇರುವುದು, ಅದಕ್ಕೆ ಕೊಳೆರೋಗದ ಶಿಲೀಂಧ್ರ ಯಾವುದು, ಇಸಾರಿಯ ಯಾವುದು ಎಂಬ ಭೇದವಿಲ್ಲ. ಡ್ರಮ್ಮಿನ ಗೋಡೆಗೆ ಕಚ್ಚಿದ ನೀಲಿ ಸುಣ್ಣದ ಹೆಕ್ಕಳೆ ಕರಗುತ್ತಾ ಬಂದರೆ ಹೊಸ ಪೊಟ್ಟಣವೂ ಕೆಲಸ ಮಾಡುವುದಿಲ್ಲ. ಇಸಾರಿಯಕ್ಕೆ ಬೇರೆಯೇ ಡ್ರಮ್ಮು ಇಡಿ. ಪಂಪು ಒಂದೇ ಇದ್ದರೆ ಪೈಪಿನ ತುದಿಯಿಂದ ತಿಳಿ ನೀರು ಬರುವ ತನಕ ತೊಳೆಯಿರಿ. ಅಡಿಕೆಯ ನಡುವೆ ತೆಂಗು ಇರುವ ತೋಟದಲ್ಲಿ ಬೋರ್ಡೋ ಬಿಟ್ಟ ಆಚೀಚೆ ಎರಡು ವಾರ ಇಸಾರಿಯ ಬೇಡ.

ಹವೆಯ ಮಾತಿಗೆ ಬಂದರೆ, ಈ ಶಿಲೀಂಧ್ರಕ್ಕೆ ತೇವ ಬೇಕು, ಸುಡುವ ಬಿಸಿಲು ಆಗದು. ತಾಪಮಾನ 32, 33 ಡಿಗ್ರಿ ದಾಟಿದರೆ ಅದರ ಬೆಳವಣಿಗೆ ಕುಗ್ಗುತ್ತದೆ. ಸೂರ್ಯನ ನೇರಳಾತೀತ ಕಿರಣಕ್ಕೆ ಬೀಜಕಣ ಸಾಯುತ್ತದೆ. ಸಂಜೆ ನಾಲ್ಕೂವರೆಯ ನಂತರ ಬಿಟ್ಟರೆ ಇಡೀ ರಾತ್ರಿಯ ಇಬ್ಬನಿ ಸಿಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ, ಮಳೆ ಹಿಂದೆ ಸರಿದು ತೇವ ಉಳಿದಿರುವ ಆ ಎರಡು ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಕೀಟ ಆಗಷ್ಟೇ ಎದ್ದೇಳುತ್ತಿರುತ್ತದೆ, ಶಿಲೀಂಧ್ರಕ್ಕೆ ಹವೆ ಅನುಕೂಲ. ಹೆಚ್ಚಿನವರು ಕೊಳ್ಳುವುದು ಮಾರ್ಚಿನಲ್ಲಿ, ಗರಿಯೆಲ್ಲ ಬೂಷ್ಟು ಹಿಡಿದು ಕಪ್ಪಾದ ಮೇಲೆ. ಆಗ ಅದೇ ಪುಡಿ ಅರ್ಧ ಫಲವನ್ನೂ ಕೊಡುವುದಿಲ್ಲ. ಮುಂಗಾರಿನ ನಡುವೆ ಮಳೆ ಬಿಡುವು ಕೊಟ್ಟಾಗ ಬಿಡಬಹುದು, ಬಿಟ್ಟ ಮೇಲೆ ಎರಡು ದಿನ ಜೋರು ಮಳೆ ಇರಬಾರದು. ಇದಕ್ಕೆ ಮೇಘದೂತ್ ಆ್ಯಪ್‌ನ ಜಿಲ್ಲಾ ಮುನ್ಸೂಚನೆ ಸಾಕಾಗುತ್ತದೆ. ಮಂಗಳವಾರ, ಶುಕ್ರವಾರ ಹೊಸ ಕೃಷಿ ಹವಾಮಾನ ಸಲಹೆ ಬರುತ್ತದೆ, ಕನ್ನಡದಲ್ಲೂ ಓದಬಹುದು.

ಬೇವಿನ ಎಣ್ಣೆಯ ಬಗ್ಗೆ ಇಷ್ಟು ಉದ್ದ ಹೇಳಬೇಕಿಲ್ಲ. ಲೀಟರಿಗೆ 5 ಮಿಲಿ, ಎಕರೆಗೆ ಒಂದು ಸಲಕ್ಕೆ 1 ಲೀಟರ್ 750 ಮಿಲಿ. ಎಣ್ಣೆಗೆ ಸೋಪಿನ ಪುಡಿ ಕಲಸಿ ಸ್ವಲ್ಪ ಬೆಚ್ಚಗಿನ ನೀರು ಹಾಕುತ್ತಾ ಹಾಲಿನಂತೆ ಆಗುವ ತನಕ ತಿರುವಬೇಕು, ಆಮೇಲೆ ಉಳಿದ ನೀರು. ನೇರವಾಗಿ ಡ್ರಮ್ಮಿಗೆ ಸುರಿದರೆ ಎಣ್ಣೆ ಮೇಲೆ ತೇಲಿ ಮೊದಲ ಮರಕ್ಕೆ ಬರೀ ನೀರು, ಕೊನೆಯ ಮರಕ್ಕೆ ಬರೀ ಎಣ್ಣೆ ಹೋಗುತ್ತದೆ, ಎಳೆ ಗರಿ ಸುಡುತ್ತದೆ. ದೀಪಕ್ಕೆಂದು ಮಾರುವ ಬೇವಿನ ಎಣ್ಣೆ ಕೊಳ್ಳಬೇಡಿ, ಅದರಲ್ಲಿ ಬೇರೆ ಎಣ್ಣೆ ಸೇರಿರಬಹುದು. ಅಜಾಡಿರಾಕ್ಟಿನ್ ಬಾಟಲಿ ಕೊಳ್ಳುವುದಾದರೆ ಬೆಲೆಯ ಜೊತೆ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸತ್ವ ಎಷ್ಟು ಪಾಲು ಎಂಬ ಲೆಕ್ಕ) ನೋಡಿ ಹೋಲಿಸಬೇಕು. 300, 1500, 10000 ಎಂದು ಮೂರು ಬಗೆ ಸಾಮಾನ್ಯವಾಗಿ ಸಿಗುತ್ತದೆ. 300ರ ಬಾಟಲಿ ಅಗ್ಗ ಎಂದು ಕೊಂಡವರು 10000ದ ಬಾಟಲಿಯ ಸತ್ವದ ಸುಮಾರು ಮೂವತ್ತಮೂರರಲ್ಲಿ ಒಂದು ಪಾಲು ಮಾತ್ರ ಕೊಂಡಿರುತ್ತಾರೆ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಒಡೆಯುತ್ತದೆ, ಸುಣ್ಣದ ಅಂಶ ಇರುವ ನೀರಲ್ಲೂ ಉಳಿಯುವುದಿಲ್ಲ. ಇದನ್ನೂ ಸಂಜೆಯೇ ಬಿಡಬೇಕು, ಬೋರ್ಡೋ ಜೊತೆ ಸೇರಿಸಲೇಬಾರದು. ಸಸಿಗಳಿಗೂ ಗಿಡ್ಡ ತಳಿಗಳಿಗೂ ಇದು ಚೆನ್ನಾಗಿ ಒದಗುತ್ತದೆ.

ಎತ್ತರದ ಮರದ ತೊಡಕು ಎಲ್ಲ ಮದ್ದಿಗೂ ಒಂದೇ. ಬಿಳಿನೊಣ ಗರಿಯ ಅಡಿಯಲ್ಲಿರುತ್ತದೆ, ಆದ್ದರಿಂದ ನೆಲದಿಂದ ಮೇಲಕ್ಕೆ ಬಿಡುವುದೇ ಅನುಕೂಲ, ಒತ್ತಡ ಇದ್ದರೆ ಸಾಕು. ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿಯ ತುದಿಗೆ ನಾಝಲ್ ಕಟ್ಟಿ ಬಿಡುವುದು ಈಗ ನಮ್ಮಲ್ಲಿ ಬಹಳ ಕಡೆ ರೂಢಿ, ಮರ ಹತ್ತುವವರು ಸಿಗದ ಕಾಲದಲ್ಲಿ ಅದೇ ದಾರಿ. ನಾಝಲ್ ಮೇಲ್ಮುಖವಾಗಿ ಸ್ವಲ್ಪ ಓರೆ ಇರಲಿ. ಮಡಲಿನ ಮೇಲ್ಬದಿಗೆ ಬೀಳುವ ಮದ್ದಿನಿಂದ ಬಿಳಿನೊಣಕ್ಕೆ ಏನೂ ಆಗುವುದಿಲ್ಲ.

ಕಪ್ಪು ಬೂಷ್ಟಿಗೆ ಶಿಲೀಂಧ್ರನಾಶಕ ಕೊಡುವ ಅಂಗಡಿಗಳಿವೆ. ಅದು ಬೇಡ. ಬಿಳಿನೊಣ ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು, ಗರಿಯ ಒಳಗೆ ಇಳಿಯುವುದಿಲ್ಲ. ಕೆಳಗಿರುವ ಬಾಳೆ, ಕಾಳುಮೆಣಸು, ಕೊಕ್ಕೋದ ಎಲೆಯೂ ಕಪ್ಪಾಗುವುದು ಇದರಿಂದಲೇ. ಒಂದು ಕಿಲೋ ಮೈದಾವನ್ನು ಐದು ಲೀಟರ್ ನೀರಲ್ಲಿ ಗಂಜಿ ಕಾಯಿಸಿ, ಸೋಸಿ, ನೂರು ಲೀಟರಿಗೆ ತೆಳ್ಳಗೆ ಮಾಡಿ ಬಿಸಿಲ ದಿನ ಬಿಟ್ಟರೆ ಗಂಜಿ ಒಣಗಿ ಸಿಪ್ಪೆಯಾಗಿ ಬೂಷ್ಟನ್ನು ಹೊತ್ತು ಉದುರುತ್ತದೆ. ಲಿಯೋಕ್ರಿನಸ್ ಎಂಬ ಜೀರುಂಡೆ ಈ ಬೂಷ್ಟನ್ನು ತಿಂದು ತೊಳೆದಿಡುತ್ತದೆ ಎಂದು ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ವಿಜ್ಞಾನಿಗಳು ದಾಖಲಿಸಿದ್ದಾರೆ. ಶಿಲೀಂಧ್ರನಾಶಕ ಸಿಂಪಡಿಸಿದರೆ ಆ ಸಹಾಯವೂ ಇಲ್ಲ, ಇಸಾರಿಯವೂ ಇಲ್ಲ.

ನಾಲ್ಕನೆಯದಾದ ರಾಸಾಯನಿಕ ಕೀಟನಾಶಕವನ್ನು ಈ ಕೀಟಕ್ಕೆ ಕೊಳ್ಳಲೇಬೇಡಿ. ಬಿಟ್ಟ ವಾರ ನೊಣ ಕಡಿಮೆಯಾದಂತೆ ಕಾಣುತ್ತದೆ, ಅದಕ್ಕೇ ಇದು ಮಾರಾಟವಾಗುವುದು. ಎನ್ಕಾರ್ಸಿಯ ಕಣಜ ಅದಕ್ಕೂ ಮೊದಲು ಸಾಯುತ್ತದೆ. ಮೇಣದ ಅಡಿ ಉಳಿದ ಮೊಟ್ಟೆ, ಮರಿ ತಿಂಗಳೊಳಗೆ ಎದ್ದಾಗ ತಡೆಯುವವರೇ ಇರುವುದಿಲ್ಲ. ಬೇರಿಗೆ ಕೊಡುವ ಅಂತರ್ವ್ಯಾಪಿ ಮದ್ದಾದರೆ ಬೊಂಡದ ನೀರಿನ ಪ್ರಶ್ನೆಯೂ ಬರುತ್ತದೆ, ಅದನ್ನು ಕುಡಿಯುವವರು ನಮ್ಮ ಊರಿನ ಮಕ್ಕಳೂ ಕಾಯಿಲೆಯವರೂ ಹೌದು. ಬಿಳಿನೊಣದಿಂದ ತೆಂಗಿನ ಮರ ಸಾಯುವುದಿಲ್ಲ. ಹೆದರಿ ಮಡಲು ಕಡಿಯುವುದೂ ಬೇಡ, ಕಡಿದ ಮಡಲಿನ ಜೊತೆ ಹೋಗುವುದು ಕಣಜವೇ.

ಇಲ್ಲೊಂದು ಹೊಸ ತೊಡಕು ಸೇರಿದೆ. 2018-19ರ ಹೊತ್ತಿಗೆ ಕೇರಳದಲ್ಲಿ ಬೊಂಡರ್ ಗೂಡುಕಟ್ಟುವ ಬಿಳಿನೊಣ, 2019ರಲ್ಲಿ ಮಂಡ್ಯದಲ್ಲಿ ತಾಳೆ ಬಿಳಿನೊಣ ಕಂಡವು. ಬೊಂಡರ್ ನೊಣ ರುಗೋಸ್‌ಗಿಂತ ಬಹಳ ಸಣ್ಣದು, ರೆಕ್ಕೆಯ ಮೇಲೆ ಗುಣಾಕಾರ ಚಿಹ್ನೆಯಂಥ ಬೂದು ಗೀಟು, ಸುತ್ತ ಹತ್ತಿಯ ಎಳೆಯ ಗೂಡು. ಎನ್ಕಾರ್ಸಿಯ ಕಣಜ ಇದರ ಗೊಡವೆಗೆ ಹೋಗುವುದಿಲ್ಲ. ಆದ್ದರಿಂದ ಕಣಜಕ್ಕೆಂದು ಬೇರೆ ತೋಟದ ಗರಿ ತರುವಾಗ ಮಸೂರದಲ್ಲಿ ನೋಡಿ, ಹತ್ತಿ ಗೂಡು ಇದ್ದರೆ ಆ ಗರಿ ಬಿಟ್ಟು ಬನ್ನಿ. ಗುರುತು ಹತ್ತದಿದ್ದರೆ ಗರಿಯನ್ನು ಕಾಗದದಲ್ಲಿ ಸುತ್ತಿ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬ್ರಹ್ಮಾವರದ ಸಂಶೋಧನಾ ಕೇಂದ್ರಕ್ಕೋ, ವಿಟ್ಲ ಅಥವಾ ಕಾಸರಗೋಡಿನ ಸಿಪಿಸಿಆರ್‌ಐಗೋ ತೋರಿಸಿ. ಪ್ಲಾಸ್ಟಿಕ್ ತೊಟ್ಟೆ ಬೇಡ, ಒಳಗೆ ಬೆವತು ಮರಿಗಳು ಕೊಳೆತರೆ ಗುರುತು ಸಿಗುವುದಿಲ್ಲ.

ಇವೆಲ್ಲ ಊರಿಂದೂರಿಗೆ ದಾಟುವುದು ಹೆಚ್ಚಾಗಿ ಸಸಿಗಳ ಮೂಲಕ. ಅಲಂಕಾರದ ತಾಳೆ ಗಿಡ, ಪೇರಳೆ, ಬಾಳೆ, ತೆಂಗಿನ ಸಸಿ ನರ್ಸರಿಯಿಂದ ತಂದದ್ದನ್ನು ನೇರ ತೋಟಕ್ಕೆ ಒಯ್ಯಬೇಡಿ. ಎಲೆಯ ಅಡಿಗೆ ಜೋರು ನೀರು ಹಾಯಿಸಿ ತೊಳೆದು, ಬೇವಿನ ಎಣ್ಣೆ ದ್ರಾವಣ ಒಮ್ಮೆ ಬಿಟ್ಟು, ತೆಂಗಿನ ಮರಗಳಿಂದ ದೂರ ನಾಲ್ಕು ವಾರ ಇಡಿ. ಅಡಿಯಲ್ಲಿದ್ದ ಮೊಟ್ಟೆ ಅಷ್ಟರೊಳಗೆ ಒಡೆದು ಕಣ್ಣಿಗೆ ಕಾಣುವಷ್ಟು ಬೆಳೆದಿರುತ್ತದೆ.